ಕಾಶೀಂಬಿ ಜೋಡಿಸಿದ ಯುದ್ಧ

ಬೆಳಗಿನ ಐದೂವರೆ. ನರಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ ಮಂದ ಬಲ್ಬಿನ ಕೆಳಗೆ ಕಾಶೀಂಬಿ ನದಾಫ ನಿಂತಿದ್ದಾರೆ. ಎಡಗೈಯಲ್ಲಿ ಅಚ್ಚಿನ ಮೊಳೆಗಳನ್ನು ಸಾಲಾಗಿ ಕೂಡಿಸುವ ಗೇಣುದ್ದದ ಕಬ್ಬಿಣದ ಪಟ್ಟಿ, ಸ್ಟಿಕ್ಕು. ಬಲಗೈ ಮರದ ಕೇಸಿನ ಖಾನೆಗಳ ಮೇಲೆ ಕಾಳು ಹೆಕ್ಕುವ ಕೋಳಿಯ ಹಾಗೆ ಓಡಾಡುತ್ತಿದೆ. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಕಣ್ಣು ಅತ್ತ ಹೋಗುವುದೇ ಇಲ್ಲ. ಟಕ್ ಟಕ್ ಎಂದು ಒಂದು ಸಾಲು ತುಂಬುತ್ತದೆ. ಅದನ್ನು ಬೆಳಕಿಗೆ ಹಿಡಿದು ಓದುತ್ತಾರೆ. ಕೊನೆಯ ಮೂರು ಪದ ಕಿತ್ತು ಮತ್ತೆ ಖಾನೆಗಳಿಗೆ ಹಾಕುತ್ತಾರೆ. ಬಾಗಿಲ ತನಕ ಹೋಗಿ ತಿರುಗಿ ಬರುತ್ತಾರೆ.

“ಹಿಂಗಲ್ಲ ಅದು,” ಎನ್ನುತ್ತಾರೆ. ಹೇಳಿದ್ದು ಪತ್ರಿಕೆಗೆ ಬರೆಯಲು ಬಂದಿರುವ ನನಗಲ್ಲ, ಕೈಯಲ್ಲಿರುವ ಸ್ಟಿಕ್ಕಿಗೆ. “ಕಾಲು ಮುರದಾಂವ ಇಷ್ಟ ಲಗೂ ಎದ್ದ ಕೂಡಂಗಿಲ್ಲ.”

ಆ ಕಾಲು ಮುರಿದವನು ನೂರಾ ನಲವತ್ತೆಂಟು ವರ್ಷದ ಹಿಂದಿನವನು. ಹದಿನೆಂಟುನೂರಾ ಐವತ್ತೆಂಟರಲ್ಲಿ ನರಗುಂದ ಬಂಡೆದ್ದು, ಕಂಪನಿಯ ಸೈನ್ಯ ಊರೊಳಗೆ ನುಗ್ಗಿದಾಗ ಇಲ್ಲಿ ಸಿಕ್ಕಿಬಿದ್ದವನು. ಅವನ ಕುರಿತು ಕಾಶೀಂಬಿ ಎಂಟು ವರ್ಷದ ಹಿಂದೆ ಒಂದು ಕಾದಂಬರಿ ಬರೆದಿದ್ದಾರೆ. ಈಗ ಅದರ ಕೊನೆಯ ಹದಿನಾರು ಪುಟಗಳನ್ನು ಹೊಸದಾಗಿ ಜೋಡಿಸುತ್ತಿದ್ದಾರೆ. ಉಳಿದಿರುವುದು ಐದೇ ದಿನ. ಶನಿವಾರ ಹುಬ್ಬಳ್ಳಿಯಿಂದ ಗಾಡಿ ಬಂದು, ಈ ಮುದ್ರಣಾಲಯದ ಮೊಳೆಗಳನ್ನೆಲ್ಲ ಗುಜರಿ ಸಾಮಾನಿನ ಜತೆ ತೂಗಿಸಿಕೊಂಡು ಹೋಗಲಿದೆ. ಸೀಸ ಕರಗಿಸುವುದಕ್ಕೆ.

ಮಾಲೀಕ ರಾಜರತ್ನ ಮರೆಮಾಚುವುದಿಲ್ಲ. “ಗದಗಿನ್ಯಾಗ ಕಂಪ್ಯೂಟರಿನ್ಯಾಗ ತಾಸಿಗೆ ಲಗ್ನಪತ್ರಿಕಿ ಮಾಡಿ ಕೊಡ್ತಾರ. ನಮ್ಮ ಬಾಗಲಾ ಯಾರು ಬಡೀತಾರ್ರಿ? ಕಾಶೀಂಬಿಗೆ ಹೇಳೇನಿ, ಶನಿವಾರತನಾ ಬೆಳಿಗ್ಗೆ ಪ್ರೆಸ್ ನಿಂದು, ಒಂಬತ್ತರ ಮ್ಯಾಲೆ ನಂದು.”

ಕಾಶೀಂಬಿ ಹುಟ್ಟಿದ್ದು ಯಾವಗಲ್ಲಿನಲ್ಲಿ. ಓದಿದ್ದು ನಾಲ್ಕನೆಯ ಇಯತ್ತೆ. ಮದುವೆಯಾಗಿ ನರಗುಂದಕ್ಕೆ ಬಂದರು. ಗಂಡ ಜಂಗ್ಲಿಸಾಬ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಮಗಳು ನಾಜಮೀನಗೆ ಎರಡು ವರ್ಷವಾಗಿದ್ದಾಗ ಟ್ರ್ಯಾಕ್ಟರು ಕಾಲುವೆಗೆ ಮಗುಚಿತು. ನಲವತ್ತನೆಯ ದಿನದ ಫಾತಿಹಾ ಮುಗಿದ ಮರುದಿನವೇ ಕಾಶೀಂಬಿ ಈ ಬಾಗಿಲಿಗೆ ಬಂದರು, ಕಸ ಹೊಡೆಯಲು ಮತ್ತು ಕಾಗದ ಮಡಚಲು. ಆಗ ಅವರಿಗೆ ಇಪ್ಪತ್ತನಾಲ್ಕು. ಈಗ ಐವತ್ತೆರಡು.

ಮೊಳೆ ಜೋಡಿಸುತ್ತಿದ್ದ ಮುದುಕರಿಗೆ ಕಣ್ಣು ಮಂಜಾಗುತ್ತಿತ್ತು. ‘ಆ ಖಾನೆಯಿಂದ ಒಂದು ತೆಗೆದು ಕೊಡು, ಈ ಖಾನೆಯಿಂದ ಎರಡು’ ಎನ್ನುತ್ತಿದ್ದರು. ಕೊಡುತ್ತ ಕೊಡುತ್ತ ಕೈಗೆ ಅಕ್ಷರ ಹತ್ತಿತು. “ಸಾಲ್ಯಾಗ ಕಲ್ತಿದ್ದು ಎಲ್ಲಾ ಮರ್ತಿದ್ನಿ. ಇಲ್ಲಿ ಬೆರಳಿಲೆ ಕಲ್ತೆ. ಮೊಳಿ ಮ್ಯಾಲೆ ಅಕ್ಷರ ಉಲ್ಟಾ ಇರ್ತಾವಲ್ರಿ, ಹಿಂಗಾಗಿ ಇವತ್ತಿಗೂ ನನಗ ಉಲ್ಟಾ ಓದೂದು ಲಗೂ, ನೆಟ್ಟಗ ಓದೂದು ತಡಾ.”

ಪುಟಕ್ಕೆ ಇಪ್ಪತ್ತಾರು ಸಾಲು. ಒಂದು ಪುಟಕ್ಕೆ ಸಾವಿರದ ಮೇಲೆ ಮೊಳೆ. ದಿನಕ್ಕೆ ಎಂಟು ತಾಸು ನಿಂತೇ ಕೆಲಸ. ಕಾದಂಬರಿಯನ್ನು ಅವರು ಕಾಗದದ ಮೇಲೆ ಬರೆಯುವುದೇ ಇಲ್ಲ. ನೇರವಾಗಿ ಸ್ಟಿಕ್ಕಿನಲ್ಲೇ ಕಟ್ಟುತ್ತಾರೆ. ಬರೆದು ಆಮೇಲೆ ಜೋಡಿಸಿದರೆ ಒಂದೇ ಕೆಲಸ ಎರಡು ಸಲ ಎಂಬುದು ಅವರ ವಾದ. ಅದರಲ್ಲೂ ಒಂದು ತೊಡಕಿದೆ. ಹಳೆಯ ಮೊಳೆಗಳು ಸವೆದು, ಬಿದ್ದು, ಕಳೆದು ಕೆಲವು ಅಕ್ಷರ ಕಡಿಮೆಯಾಗಿವೆ. “ಹೆಂಗಸರ ಕಥಿ ಬರೀಬೇಕಂದ್ರ ‘ಳು’ ಭಾಳ ಬೇಕ್ರಿ. ಬಂದಳು, ಹೋದಳು, ಅತ್ತಳು. ನಾಕ ಪುಟಕ್ಕ ಖಾನೆ ಖಾಲಿ! ಆ ನಾಕ ಪುಟ ಅಚ್ಚು ಹಾಕಿ, ಮೊಳಿ ಬಿಡಿಸಿ, ಮತ್ತ ಖಾನೆ ತುಂಬಿ, ಆಮ್ಯಾಲೆ ಐದನೇ ಪುಟ.”

ಕಾದಂಬರಿಯ ಕಿಡಿ ಹತ್ತಿದ್ದು ಹತ್ತು ವರ್ಷದ ಹಿಂದೆ. ಊರಿನ ಯಾವುದೋ ಸಮಾರಂಭಕ್ಕೆ ಬಂಡಾಯದ ಇತಿಹಾಸದ ಪುಸ್ತಿಕೆ ಅಚ್ಚಿಗೆ ಬಂತು. ಜೋಡಿಸಿದವರು ಕಾಶೀಂಬಿ. “ನಲವತ್ತ ಪುಟ. ಎಷ್ಟ ತೋಫು, ಎಷ್ಟ ಕುದರಿ, ಎಲ್ಲಾ ಇತ್ರಿ. ‘ಊರು ಸುಲಿಗೆಯಾಯಿತು’ ಅಂತ ಒಂದ ಸಾಲು ಇತ್ತು. ನಮ್ಮಜ್ಜಿಯ ಅಜ್ಜಿ ಆ ಒಂದ ಸಾಲಿನ್ಯಾಗ ಇದ್ಲು. ಅದನ್ನ ಜೋಡಿಸಿ ಮುಂದಿನ ಸಾಲಿಗೆ ಹೋಗಾಕ ನನ್ನ ಕೈಲೆ ಆಗಲಿಲ್ಲ.”

ಅಜ್ಜಿ ಹೇಳುತ್ತಿದ್ದ ಕತೆ ಇದು. ಸೈನಿಕರು ಊರು ಹೊಕ್ಕ ದಿನ, ಒಂದು ಕುಂಬಾರರ ಮನೆ ಮತ್ತು ಒಂದು ಪಿಂಜಾರರ ಮನೆಯ ಏಳು ಮಂದಿ ಖಾಲಿ ಹಗೇವಿನೊಳಗೆ ಇಳಿದರು. ಅವರಲ್ಲಿ ಆ ಅಜ್ಜಿಯ ಅಜ್ಜಿಯೂ ಒಬ್ಬಳು. ಹಗೇವು ಎಂದರೆ ಜೋಳ ಕೂಡಿಡಲು ನೆಲದಲ್ಲಿ ತೋಡಿದ ಆಳದ ಕಣಜ. ಬಾಯಿ ಒಬ್ಬರು ತೂರುವಷ್ಟೇ ಕಿರಿದು. ಇಳಿದಾಗ ಒಳಗೆ ಮೊದಲೇ ಒಬ್ಬ ಬಿದ್ದಿದ್ದ. ಕಂಪನಿಯ ಕುದುರೆಗಳಿಗೆ ಹುಲ್ಲು ಕೊಯ್ಯುವವನು. ಕಾಲು ಮುರಿದಿತ್ತು, ಅವನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ವೈರಿಯ ಮನುಷ್ಯ. ಕೂಗಿದರೆ ಎಲ್ಲರೂ ಸಾಯಬೇಕು. ಅವನು ಕೂಗಲಿಲ್ಲ. ಎರಡನೆಯ ದಿನ ಅವರು ಹಚ್ಚಿದ್ದ ಹಣತೆ ತಾನಾಗಿ ಆರಿತು. ಒಳಗೆ ಗಾಳಿ ಕೆಟ್ಟಿದೆ ಎಂದು ಮೊದಲು ಅರಿತವನು ಅವನೇ. ಗೋಡೆಗೆ ಆತು ನಿಂತು, ಒಂದೇ ಕಾಲಿನ ಬಲದಲ್ಲಿ ಹೆಗಲು ಕೊಟ್ಟು ಏಳೂ ಮಂದಿಯನ್ನು ಮೇಲಕ್ಕೆ ಹತ್ತಿಸಿದ. ಅವನಿಗೆ ಹೆಗಲು ಕೊಡಲು ಒಳಗೆ ಯಾರೂ ಉಳಿದಿರಲಿಲ್ಲ. ‘ಅಲ್ಲೇ ಸತ್ತ’ ಎಂದು ಅಜ್ಜಿ ಕತೆ ಮುಗಿಸುತ್ತಿದ್ದಳು. ಕಾಶೀಂಬಿಯ ಕಾದಂಬರಿಯೂ ಹಾಗೆಯೇ ಮುಗಿಯಿತು.

ಇನ್ನೂರು ಪ್ರತಿ. ಹೆಸರು ‘ಹಗೇವಿನ ಮಂದಿ’. ಗಜೇಂದ್ರಗಡ, ರೋಣದ ಸಂತೆಗಳಲ್ಲಿ ಬಳೆ ಮಾರುವವರ ಪಕ್ಕ ಗೋಣಿಚೀಲ ಹಾಸಿ ಮಾರಿದರು. ಊರಿನ ಕೆಲವರಿಗೆ ಅದು ಹಿಡಿಸಲಿಲ್ಲ. ನಮ್ಮವರನ್ನು ಕೊಂದವರ ಕಡೆಯವನನ್ನು ದೊಡ್ಡವನನ್ನಾಗಿ ಮಾಡಿದ್ದೀ ಎಂದರು. ಒಂದು ಮುಂಜಾನೆ ನಾಲ್ಕು ಪ್ರತಿಗಳು ಪ್ರೆಸ್ಸಿನ ಹೊಸ್ತಿಲ ಮೇಲೆ ಹರಿದು ಬಿದ್ದಿದ್ದವು. ಆ ಹುಲ್ಲು ಕೊಯ್ಯುವವನ ಅಧ್ಯಾಯ ತೆಗೆದುಬಿಡು ಎಂದು ರಾಜರತ್ನ ಕೂಡ ಹೇಳಿ ನೋಡಿದರು.

“ತಗೀಲಿಲ್ರಿ. ಆದ್ರ ನಿದ್ದಿ ಹೋತು. ಅಜ್ಜಿ ಹೇಳಿದ್ದು ಖರೇನೋ ಸುಳ್ಳೋ, ನನ್ನ ಹತ್ರ ಏನ ಸಾಕ್ಷಿ ಐತಿ? ಕುಂತಲ್ಲಿ ಕುಂದ್ರಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು. ಎಂಟ ವರ್ಷ ಹಂಗಾ ತಿರಗೇನಿ.”

ಹೋದ ತಿಂಗಳು ಮುಶಿಗೇರಿಯಿಂದ ಎರಡು ಬಸ್ಸು ಬದಲಿಸಿ ಒಬ್ಬ ಮುದುಕಿ ಪ್ರೆಸ್ಸಿಗೆ ಬಂದಳು. ಹೆಸರು ಮರಿಯವ್ವ, ಎಪ್ಪತ್ತು ದಾಟಿದವಳು. ಮೊಮ್ಮಗಳು ಅನಿತಾ ರೋಣದ ಗ್ರಂಥಾಲಯದಿಂದ ‘ಹಗೇವಿನ ಮಂದಿ’ ತಂದು ಅವಳಿಗೆ ಓದಿ ಹೇಳಿದ್ದಳು. ಮುದುಕಿ ಬಾಗಿಲಲ್ಲೇ ನಿಂತು ಕೇಳಿದಳಂತೆ:

“ಹುಲ್ಲಪ್ಪನ ಕಥಿ ಬರದಾಕಿ ನೀನಾ ಏನು?”

“ಯಾವ ಹುಲ್ಲಪ್ಪ, ಯವ್ವಾ?”

“ಅವನ್ಯಾಕ ಕೊಂದಿ? ಆಂವ ಸತ್ತಿಲ್ಲ.”

ಮರಿಯವ್ವನ ಮನೆಯವರು ಆ ಕುಂಬಾರರ ಬೀಗರು. ಅವರ ಮನೆಯಲ್ಲಿ ತಲೆತಲಾಂತರದಿಂದ ಬಂದ ಕತೆಯಲ್ಲಿ, ಹೊರಗೆ ಬಂದ ಹೆಂಗಸರು ಎರಡು ಸೀರೆ ಗಂಟು ಹಾಕಿ ಇಳಿಬಿಟ್ಟು ಅವನನ್ನು ಜಗ್ಗಿ ತೆಗೆದರು. ದನಕ್ಕೆ ಒಯ್ಯುವ ಜೋಳದ ಕಣಿಕೆಯ ಬಂಡಿಯೊಳಗೆ ಹುದುಗಿಸಿ ಎರಡು ದಿನ ನಡೆದು ಮುಶಿಗೇರಿಗೆ ಮುಟ್ಟಿಸಿದರು. ನರಗುಂದದಲ್ಲಿ ಮಾತ್ರ ಎಲ್ಲರಿಗೂ ಅವನು ಸತ್ತನೆಂದು ಹೇಳಿದರು. ಕಂಪನಿಯವರಿಗೆ ತಿಳಿದರೆ ಓಡಿಹೋದವನೆಂದು ಅವನನ್ನು ಕೊಲ್ಲುತ್ತಿದ್ದರು. ಊರಿನವರಿಗೆ ತಿಳಿದರೆ ವೈರಿಯೆಂದು ಕೊಲ್ಲುತ್ತಿದ್ದರು. ಅವನ ಹೆಸರು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಹುಲ್ಲು ಕೊಯ್ಯುವವನೆಂದು ‘ಹುಲ್ಲಪ್ಪ’ ಎಂದರು. ಕುಂಟುತ್ತಲೇ ಇಪ್ಪತ್ತು ವರ್ಷ ಅವರ ದನ ಕಾಯ್ದ.

ಮರಿಯವ್ವ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದು ಹುಲ್ಲಪ್ಪನದೆನ್ನುವ ಒಂದು ಕುಡುಗೋಲು. ಈ ಕಡೆಯದಕ್ಕಿಂತ ಬಾಗು ಹೆಚ್ಚು, ಹಿಡಿ ಗಿಡ್ಡ. ಮನೆಯ ಗೋಡೆಗೆ ತೂಗುಹಾಕಿದ್ದನ್ನು ಯಾರೂ ಬಳಸಿದ್ದಿಲ್ಲವಂತೆ.

“ಇದು ಕೋರ್ಟಿನ್ಯಾಗ ಸಾಕ್ಷಿ ಆಗಂಗಿಲ್ಲ, ನನಗ ಗೊತ್ತೈತ್ರಿ,” ಎನ್ನುತ್ತಾರೆ ಕಾಶೀಂಬಿ. “ಆದ್ರ ನಾ ಬದುಕಿದಾಂವನ್ನ ಕೊಂದ್ನೆಲ್ರಿ! ನಮ್ಮಜ್ಜಿಯ ಅಜ್ಜಿ ಸುಳ್ಳ ಹೇಳಿ ಅವನ್ನ ಉಳಿಸ್ಯಾಳ. ನಾನು ಆ ಸುಳ್ಳ ಖರೇ ಅಂತ ತಿಳದು ಅಚ್ಚು ಹಾಕೇನಿ. ಮೊಳಿ ಇರೂತನಕ ಅದನ್ನ ತಿದ್ದಬೇಕು.”

ಗಜೇಂದ್ರಗಡದಲ್ಲಿ ನೇಕಾರರ ಮನೆ ಸೇರಿರುವ ಮಗಳು ನಾಜಮೀನಗೆ ತಾಯಿಯದೇ ಚಿಂತೆ. ‘ಇನ್ನು ಸಾಕು, ಇಲ್ಲಿಗೆ ಬಂದುಬಿಡು, ಆ ಹದಿನಾರು ಪುಟ ಕಂಪ್ಯೂಟರಿನಲ್ಲಿ ಮಾಡಿಸೋಣ’ ಎಂದು ಫೋನಿನಲ್ಲಿ ಹೇಳಿದಳಂತೆ. ಕಾಶೀಂಬಿ ಒಪ್ಪಲಿಲ್ಲ. ಬೇರೆಯವರು ಒತ್ತುವ ಅಕ್ಷರದ ಜತೆ ತಮ್ಮ ತಲೆ ಓಡುವುದಿಲ್ಲ ಎನ್ನುತ್ತಾರೆ.

ಶುಕ್ರವಾರದ ಹೊತ್ತಿಗೆ ಹದಿನಾಲ್ಕು ಪುಟ ಅಚ್ಚಾಗಿವೆ. ಅವತ್ತು ಇಡೀ ದಿನ ಕರೆಂಟಿಲ್ಲ. ಕಾಶೀಂಬಿ ಬಾಗಿಲ ಬೆಳಕಿನಲ್ಲಿ ಜೋಡಿಸಿ, ಮುದ್ರಿಸುವ ಟ್ರೆಡಲ್ ಯಂತ್ರವನ್ನು ಕಾಲಿನಿಂದಲೇ ತುಳಿಯುತ್ತಾರೆ. ಮೊಣಕಾಲು ಬಾತಿದೆ. ಕೇಳಿದರೆ “ಹುಲ್ಲಪ್ಪಗ ಒಂದ ಕಾಲಿತ್ತು, ನನಗ ಎರಡ ಅದಾವು,” ಎಂದು ನಗುತ್ತಾರೆ.

ಶನಿವಾರ ಎಂಟಕ್ಕೇ ಹುಬ್ಬಳ್ಳಿಯ ಗಾಡಿ ಬಂದು ನಿಲ್ಲುತ್ತದೆ. ಇನ್ನೂ ಒಂದೂವರೆ ಪುಟ ಬಾಕಿ. ರಾಜರತ್ನ ಗಾಡಿಯವರಿಗೆ ಚಹಾ ತರಿಸುತ್ತಾರೆ, ಆಮೇಲೆ ಮಿರ್ಚಿ ಬಜಿ ತರಿಸುತ್ತಾರೆ. ಹಮಾಲರು ಎಷ್ಟು ಹೊತ್ತು ತಿಂದಾರು? ಕೊನೆಗೆ ಕೇಸುಗಳನ್ನು ಹೊರಲು ಏಳುತ್ತಾರೆ. ಕಾಶೀಂಬಿ ತಿರುಗಿ ನೋಡುವುದಿಲ್ಲ. “ದೊಡ್ಡ ಅಕ್ಷರದ ಕೇಸು ಮೊದಲ ಒಯ್ರಿ. ಆ ಮೂಲಿದೂ ಒಯ್ರಿ. ಇದನ್ನ ಮುಟ್ಟಬ್ಯಾಡ್ರಿ!” ಒಂದೊಂದೇ ಕೇಸು ಅವರ ಬೆನ್ನ ಹಿಂದೆ ಹೊರಗೆ ಹೋಗುತ್ತಿದೆ. ಉಳಿದವುಗಳಿಂದ ಅವರು ಹೆಕ್ಕುತ್ತಿದ್ದಾರೆ. ಒಂದು ಅಕ್ಷರ ಆಗಲೇ ಗಾಡಿಯಲ್ಲಿದೆ ಎಂದು ತಿಳಿದಾಗ ಕ್ಷಣ ನಿಂತು, ಪದವನ್ನೇ ಬದಲಿಸುತ್ತಾರೆ. ಹಣೆಯ ಬೆವರು ಸ್ಟಿಕ್ಕಿನ ಮೇಲೆ ಬೀಳುತ್ತದೆ. ನಾನು ನೋಡಲಾರದೆ ಎರಡು ಸಲ ಹೊರಗೆ ಹೋಗಿ ಬರುತ್ತೇನೆ. ಹನ್ನೊಂದಕ್ಕೆ ಹದಿನಾರನೆಯ ಪುಟ ಯಂತ್ರಕ್ಕೆ ಏರುತ್ತದೆ.

ಅಚ್ಚು ಮುಗಿದ ಮೇಲೆ ಆ ಪುಟದ ಮೊಳೆಗಳನ್ನು ಸೀಮೆ ಎಣ್ಣೆಯಲ್ಲಿ ತೊಳೆಯಲು ಕೂರುತ್ತಾರೆ. ಹಮಾಲನೊಬ್ಬ ಬೇಸತ್ತು ಕೇಳುತ್ತಾನೆ, “ಕರಗಸೂವು, ತೊಳದು ಯಾಕ ಕೊಡ್ತೀಬೇ?”

“ಇಪ್ಪತ್ತೆಂಟ ವರ್ಷ ಅನ್ನಾ ಹಾಕ್ಯಾವಪ್ಪಾ. ಮಸಿ ಮಾರಿಲೆ ಹ್ಯಾಂಗ ಕಳಸೂದು?”

ಅವರು ಕಣ್ಣೀರು ಹಾಕಿದ್ದನ್ನು ನಾನು ಕಾಣಲಿಲ್ಲ. ಗಾಡಿ ಹೋದ ಮೇಲೆ ಖಾಲಿ ಕೋಣೆಯಲ್ಲಿ ಬಲಗೈ ಮಾತ್ರ ಗಾಳಿಯಲ್ಲಿ ಒಂದೆರಡು ಸಲ ಚಲಿಸಿತು. ಅದನ್ನು ಅವರೇ ಗಮನಿಸಿ, ಸೆರಗಿನೊಳಗೆ ಹುದುಗಿಸಿಕೊಂಡರು.

ಭಾನುವಾರ ನಾವಿಬ್ಬರೂ ಮುಶಿಗೇರಿಗೆ ಹೋಗುತ್ತೇವೆ. ಮರಿಯವ್ವನ ಕಟ್ಟೆಯ ಮೇಲೆ ಕೂತು ಕಾಶೀಂಬಿ ಹದಿನಾರೂ ಪುಟ ಓದುತ್ತಾರೆ, ನಿಧಾನಕ್ಕೆ, ಬೆರಳಿಟ್ಟು. ಸೀರೆ ಗಂಟು ಹಾಕುವ ಕಡೆ ಮುದುಕಿ ಕಣ್ಣು ಮುಚ್ಚುತ್ತಾಳೆ. ಬಂಡಿ ಊರು ಮುಟ್ಟುವ ಕಡೆ “ಹೌದು, ಹೌದು,” ಎನ್ನುತ್ತಾಳೆ, ತಾನೇ ಆ ಬಂಡಿ ಹೊಡೆದುಕೊಂಡು ಬಂದವಳ ಹಾಗೆ. ಮುಗಿದಾಗ ಕಾಶೀಂಬಿಯ ಬಾತ ಮೊಣಕಾಲ ಮೇಲೆ ಕೈಯಿಟ್ಟು, “ಈಗ ಬರೋಬ್ಬರಿ ಆತವ್ವಾ. ಊಟಾ ಮಾಡಿ ಹೋಗು,” ಎನ್ನುತ್ತಾಳೆ.

ರೊಟ್ಟಿ, ಹಿಂಡಿಪಲ್ಲೆ ಉಂಡು ಬಸ್ಸಿಗೆ ಕಾಯುತ್ತಿರುವಾಗ ಕಾಶೀಂಬಿ ಅತ್ತಿಂದಿತ್ತ ಅಡ್ಡಾಡುತ್ತಲೇ ಇದ್ದಾರೆ. ಕಂಪನಿಯ ಡೇರೆಗಳಲ್ಲಿ ಅರಿವೆ ಒಗೆಯುತ್ತಿದ್ದ ಅಗಸಗಿತ್ತಿಯೊಬ್ಬಳು ಆಗಲೇ ಅವರ ತಲೆ ಹೊಕ್ಕಿದ್ದಾಳಂತೆ. ಅವಳ ಕತೆ ಯಾವುದರಲ್ಲಿ ಜೋಡಿಸುವುದೋ ಇನ್ನೂ ಗೊತ್ತಿಲ್ಲ. ಪತ್ರಿಕೆಯಲ್ಲಿ ನಿಮ್ಮನ್ನು ಏನೆಂದು ಬರೆಯಲಿ, ಕಾದಂಬರಿಕಾರ್ತಿ ಎನ್ನಲೇ ಎಂದು ಕೇಳುತ್ತೇನೆ.

“ಅಷ್ಟ ದೊಡ್ಡ ಮಾತು ಬ್ಯಾಡ್ರಿ. ಮೊಳಿ ಜೋಡಿಸಾಕಿ ಅಂತ ಬರೀರಿ,” ಎನ್ನುತ್ತಾರೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬರುತ್ತಾರೆ. “ಇನ್ನೊಂದ ಮಾತು ಸೇರಸ್ರಿ. ಗಾಡಿ ಬಾಗಲಾಗ ನಿಂತಿತ್ತು, ಕೇಸು ಹೊತಗೊಂಡ ಹೊಂಟಿದ್ರು, ಆದ್ರೂ ಹದಿನಾರ ಪುಟದಾಗ ಒಂದ ಅಕ್ಷರ ತಪ್ಪಿಲ್ಲ. ಬೇಕಾದ್ರ ನೀವಾ ಕುಂತ ನೋಡ್ರಿ.”