ಅವ್ವನ ಬಾಯಿಗೆ ಬೇರೆಯವಳ ದನಿ

"ನೀವು ಟೀ ಬಂತಾ ನೋಡ್ಕೊಳಿ ಸಾರ್, ಸೌಂಡ್ ವಿಷಯ ನಂಗೆ ಬಿಡಿ. ನೀವು ತೆಗೆದ ಪಿಕ್ಚರ್ ಎಷ್ಟು ದಿನ ಓಡ್ತು ಅಂತ ಇಲ್ಲಿ ಎಲ್ರಿಗೂ ಗೊತ್ತು."

ಬೆಳಗಿನ ಆರು ಗಂಟೆ. ಹಾರಂಗಿ ಹಿನ್ನೀರಿನ ದಂಡೆಯಲ್ಲಿ ಎಪ್ಪತ್ತು ಜನರೆದುರು ನಿರ್ದೇಶಕ ವಿವೇಕ್ ಇದನ್ನು ಮೈಕಿನಲ್ಲೇ ಹೇಳುತ್ತಾನೆ. ಲೈಟಿನವರು ಕಿಸಕ್ಕೆಂದು ನಗುತ್ತಾರೆ. ಅರವತ್ತೊಂದರ ಪ್ರೊಡಕ್ಷನ್ ಮ್ಯಾನೇಜರ್ ಚಿದಾನಂದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ಅವರು ಕೇಳಿದ್ದು ಇಷ್ಟೇ: ನಾಯಕನ ಅಕ್ಕನ ಪಾತ್ರ ಮಾಡುತ್ತಿರುವ ಸೋಮವಾರಪೇಟೆ ಕಡೆಯ ಎಸ್ಟೇಟ್ ಕೆಲಸಗಾರ್ತಿ ವೀಣಾಗೆ ಬೇರೆಯವರಿಂದ ಡಬ್ಬಿಂಗ್ ಮಾಡಿಸಬೇಡಿ, ಅವಳದೇ ದನಿ ಇರಲಿ.

ಕೊಡಗಿಗೆ ಬರುವ ಚಿತ್ರತಂಡಗಳಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಇವರು. ಕುಶಾಲನಗರದ ಮನೆಯಿಂದ ನಾಲ್ಕಕ್ಕೆ ಹೊರಟರೆ ಹನ್ನೊಂದು ವ್ಯಾನು, ತೊಂಬತ್ತು ತಿಂಡಿ, ಕಕ್ಕಬೆಯಲ್ಲಿ ಹೋಮ್‌ಸ್ಟೇ, ಪಂಚಾಯಿತಿ ಪರ್ಮಿಷನ್ನು. ಮಂಜು ಚೆನ್ನಾಗಿ ಬಂದರೆ ಹೊಗಳಿಕೆಯೆಲ್ಲ ಕ್ಯಾಮೆರಾದವನಿಗೆ. ಜನರೇಟರ್ ಕೆಟ್ಟರೆ ಬೈಗುಳ ಇವರಿಗೆ. ಟೈಟಲ್ಲಿನಲ್ಲಿ ಇವರ ಹೆಸರು ಓದಿದ ಗಂಡು ಇನ್ನೂ ಹುಟ್ಟಿಲ್ಲ.

ಬಣ್ಣದ ಮನೆತನ ಇವರದು. ತಂದೆ ಸಣ್ಣಸ್ವಾಮಿ ಹಾಸನದ ಕಡೆಯಿಂದ ಟೂರಿಂಗ್ ಟಾಕೀಸ್ ಹೇರಿಕೊಂಡು ಬಂದು ಇಲ್ಲಿ ನಿಂತವರು. ತಾಯಿ ರಂಗಮ್ಮ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಕೊನೇ ಸಾಲಿಗೆ ಮಾತು ಮುಟ್ಟಿಸಿದವರು. ಇಪ್ಪತ್ತು ವರ್ಷದ ಹಿಂದೆ ಮಗ ನಿರ್ಮಾಪಕನಾಗಿ ತೆಗೆದ ಒಂದೇ ಚಿತ್ರದಲ್ಲಿ ಅವ್ವನೇ ಅಜ್ಜಿ. ಶೂಟಿಂಗ್ ಮುಗಿದ ಮೇಲೆ ವಿತರಕ, "ಹಳ್ಳಿ ರಾಗ, ಜನ ನಗ್ತಾರೆ" ಎಂದ. ಇವರು ತಲೆಯಾಡಿಸಿದರು. ಬೆಂಗಳೂರಿನ ಯಾರದೋ ನಯವಾದ ದನಿಯನ್ನು ಅವ್ವನ ಬಾಯಿಗೆ ಅಂಟಿಸಲಾಯಿತು. ಅವ್ವನಿಗೆ ಹೇಳಲಿಲ್ಲ.

"ಮೊದ್ಲನೇ ಶೋ, ಪಕ್ಕದಲ್ಲೇ ಕೂತಿದ್ಲು," ಅನ್ನುತ್ತಾರೆ ಚಿದಾನಂದ. "ಪರ್ದೆ ಮೇಲೆ ಇವ್ಳು ಬಾಯಿ ತೆಗುದ್ರೆ ಇನ್ಯಾರೋ ಮಾತಾಡ್ತಾವ್ರೆ. ನನ್ ಕಡೆ ತಿರುಗಿ, 'ಈವಮ್ಮ ಚೆನ್ನಾಗ್ ಮಾತಾಡ್ತದೆ ಕಣ್ಲಾ' ಅಂದ್ಲು. ಅಷ್ಟೆ. ಬೈದಿದ್ರೆ ಎಷ್ಟೋ ವಾಸಿಯಾಗಿರೋದು."

ಚಿತ್ರ ಐದೇ ದಿನ ಓಡಿತು. ಆ ಸಂಕಟ ಎಂದೋ ಆರಿದೆ. ರಂಗಮ್ಮ ತೀರಿಕೊಂಡು ಒಂಬತ್ತು ವರ್ಷ. ಶೂಟಿಂಗಿನಲ್ಲಿ ಹಿಡಿದ ಅವರ ಮಾತಿನ ಟೇಪನ್ನು ಬೇಕಾಗಿಲ್ಲವೆಂದು ಸ್ಟುಡಿಯೋದವರು ಆಗಲೇ ಅಳಿಸಿದ್ದಾರೆ. ಮಗನ ಹತ್ತಿರ ಅವ್ವನ ಫೋಟೋ ಎಷ್ಟೋ ಇವೆ, ಒಂದು ಮಾತಿಲ್ಲ.

"ಆಸೆ ಅಂತ ಏನಿಲ್ಲ. ಈ ಸೀಮೆ ಹೆಣ್ಮಗಳೊಬ್ಳು ಅವಳ ಮಾತ್ನೇ ಆಡೋ ಪಿಕ್ಚರ್ ಒಂದ್ಸಲ ನೋಡ್ಬೇಕು."

ಶಾಟ್ ಮುಗಿಯುತ್ತದೆ. ಮುಖದ ಬಣ್ಣ ಒರೆಸಿಕೊಳ್ಳುತ್ತ ವೀಣಾ ಹತ್ತಿರ ಬರುತ್ತಾಳೆ.

"ಅಣ್ಣ, ನಮ್ ಎಸ್ಟೇಟ್ ಲೈನ್‌ಮನೆಯೋರೆಲ್ಲ ಪಿಕ್ಚರ್‌ಗೆ ಬತ್ತಾರಂತೆ. ಅವ್ವುಂಗೆ ಕಣ್ಣು ಕಾಣಲ್ಲ, ಆದ್ರೂ ಬತ್ತೀನಿ ಅಂತವ್ಳೆ. ಮಾತ್ ಕೇಳಿ ಗುರುತು ಹಿಡಿತಾಳೆ, ಅಲ್ವಾ?"

ಚಿದಾನಂದ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿಕೊಂಡು ವ್ಯಾನಿನ ಕಡೆ ನಡೆದುಬಿಡುತ್ತಾರೆ.