ಗುರುವಾರ ಬರುತ್ತಿದ್ದ ಭಾನುವಾರ

ಗುರುವಾರ ಬೆಳಗಾದರೆ ನನ್ನ ಕೈ ಇಂದಿಗೂ ಮುಖಕ್ಷೌರಕ್ಕೆ ಸಮ್ಮತಿಸುವುದಿಲ್ಲ. ನಿವೃತ್ತನಾಗಿ, ಯಲಹಂಕದ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿ ವಾರವಿಡೀ ವಿಶ್ರಾಂತಿಯಲ್ಲೇ ಇರುವ ಮನುಷ್ಯ ಗುರುವಾರಕ್ಕೆಂದೇ ಒಂದು ಪ್ರತ್ಯೇಕ ಆಲಸ್ಯವನ್ನು ಮೀಸಲಿಡುವುದೇಕೆಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳು ಮಲ್ಲೇಶ್ವರದವಳು, ಅವಳ ಭಾನುವಾರ ಭಾನುವಾರವೇ ಬರುತ್ತಿತ್ತು. ಯಶವಂತಪುರದ ನಮ್ಮ ಬೀದಿಗೆ ಮಾತ್ರ ಅದು ಗುರುವಾರ ಬರುತ್ತಿತ್ತು. ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ನಡೆದರೆ ಕರೆಂಟು ಸಾಲದೆಂದು ವಾರದ ರಜವನ್ನು ಏರಿಯಾಕ್ಕೊಂದು ದಿನದಂತೆ ಹಂಚಿದ್ದ ಕಾಲ ಅದು.

ಅಪ್ಪ ಅಲ್ಲಿನ ಬಲ್ಬಿನ ಕಾರ್ಖಾನೆಯಲ್ಲಿದ್ದರು. ಆಗ ಬೆಂಗಳೂರು ನೋಡಲು ಬಂದವರು ಲಾಲ್‌ಬಾಗ್, ವಿಧಾನಸೌಧ ಮುಗಿಸಿ ಕಾರ್ಖಾನೆಯನ್ನೂ ನೋಡಿಯೇ ಊರಿಗೆ ಮರಳುತ್ತಿದ್ದರೆಂದರೆ ಈಗ ಯಾರು ನಂಬುತ್ತಾರೆ ಹೇಳಿ! ಪ್ರವಾಸದ ಬಸ್ಸುಗಳು ಗೇಟಿನ ಮುಂದೆ ಸಾಲುಗಟ್ಟುತ್ತಿದ್ದವು. ಬಲ್ಬುಗಳನ್ನು ಪರೀಕ್ಷಿಸುವ ಹಾಲ್‌ನಲ್ಲಿ ಸಾವಿರ ಬಲ್ಬು ಒಮ್ಮೆಲೇ ಹೊತ್ತಿದಾಗ ಹಳ್ಳಿಯ ಹೆಂಗಸರು ಕೈಮುಗಿದದ್ದನ್ನು ಅಪ್ಪ ಊಟದ ಹೊತ್ತಿನಲ್ಲಿ ವರ್ಣಿಸುತ್ತಿದ್ದರು, ಆ ಬೆಳಕಿಗೆಲ್ಲ ತಾವೊಬ್ಬರೇ ಜನ್ಮದಾತರೆಂಬಂತೆ.

ಹಿರಿಯೂರಿನ ಬಳಿಯ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆ ಸುಬ್ಬಕ್ಕನಿಗೂ ಅದನ್ನು ನೋಡುವ ಆಸೆ. ಅವರ ಮನೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. "ನನ್ ತಂಗಿಗೆ ನಾನೇ ತೋರಿಸ್ಬೇಕು. ಬರೋಕ್ ಹೇಳಿ ಒಂದ್ ಕಾಗದ ಬರಿಯೋ" ಎಂದರು ಅಪ್ಪ. ಏಳನೇ ಕ್ಲಾಸಿನ ಮೇಧಾವಿಯಾದ ನಾನು, ಅಪ್ಪನಿಗೆ ಪುರಸೊತ್ತಿರುವ ದಿನ ಯಾವುದೆಂದು ಆಲೋಚಿಸಿ, "ಗುರುವಾರ ಬನ್ನಿ" ಎಂದು ದುಂಡಗೆ ಬರೆದು ಡಬ್ಬಿಗೆ ಹಾಕಿದೆ. ಅಪ್ಪನಿಗೆ ರಜವೆಂದರೆ ಕಾರ್ಖಾನೆಗೂ ರಜ ಎಂಬುದು ಆ ಮೇಧೆಗೆ ಹೊಳೆಯಲಿಲ್ಲ.

ಅತ್ತೆ ರೇಷ್ಮೆ ಸೀರೆಯುಟ್ಟು ಬಂದಿಳಿದರು. ಗುರುವಾರ ಎಂದೂ ಗಡ್ಡ ತೆಗೆಯದ ಅಪ್ಪ ಅಂದು ಮಾತ್ರ ಗಡ್ಡ ತೆಗೆದು, ಇಸ್ತ್ರಿಯ ಅಂಗಿ ತೊಟ್ಟು ತಂಗಿಯನ್ನು ಗೇಟಿನವರೆಗೆ ಕರೆದೊಯ್ದರು. ಬೀಗದಾಚೆಗೆ ಬೆರಳು ಚಾಚಿ, ಅಗೋ ಅಲ್ಲಿ ಗಾಜು, ಅಗೋ ಅಲ್ಲಿ ತಂತಿ ಎಂದು ತೋರಿಸಿದರು. ಮರುದಿನ ಅತ್ತೆ ಊರಿಗೆ ಹೋಗಲೇಬೇಕಿತ್ತು. ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಸಲ, ಮುಂದಿನ ಸಲ ಎನ್ನುತ್ತಲೇ ಅತ್ತೆಯ ಮನೆಗೆ ಕರೆಂಟು ಬಂತು, ಬಸ್ಸುಗಳು ಬರುವುದು ನಿಂತಿತು, ಕಾರ್ಖಾನೆ ಮುಚ್ಚಿತು, ಅಪ್ಪನೂ ಹೋದರು. ಈಗ ಊರು ನೋಡಲು ಬಂದವರು ವಿಮಾನವಿಳಿದು ಹೆಬ್ಬಾಳದ ಫ್ಲೈಓವರ್ ಮೇಲೆ ಹಾದುಹೋಗುತ್ತಾರೆ. ಪಕ್ಕದಲ್ಲೇ ಯಶವಂತಪುರವೆಂಬುದೊಂದು ಇದೆಯೆಂದು ಅವರಿಗೆ ಹೇಳುವವರಿಲ್ಲ. ನನಗೆ ಕಾರ್ಖಾನೆಯ ಆ ಸೈರನ್ನು ಬೇಕು, ಆ ಬಸ್ಸುಗಳು ಬೇಕು, ಅಪ್ಪನ ಆ ಬಡಾಯಿ ಬೇಕು. ಏನು ಮಾಡಲಿ.

ಕಳೆದ ತಿಂಗಳು ಎಂಬತ್ತು ದಾಟಿದ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದರು. ಪಟ್ಟಿ ಬಿಚ್ಚಿ ಕಣ್ಣು ನಿಚ್ಚಳವಾದ ಮೇಲೆ ಒಂದೇ ಮಾತು: "ನಾಳೆ ಊರಿಗೋಗ್ತೀನಿ. ಇವತ್ತಾದ್ರೂ ಆ ಬಲ್ಬು ತೋರ್ಸೋ." ಕಾರ್ಖಾನೆ ಮುಚ್ಚಿದ ಸಂಗತಿಯನ್ನು ಇಷ್ಟು ವರ್ಷ ಅವರಿಂದ ಮುಚ್ಚಿಟ್ಟಿದ್ದ ಹೇಡಿ ನಾನು, ಆಗಲೂ ಹೇಳಲಾರದೆ ಆಟೋ ಹತ್ತಿಸಿದೆ. ಹಳೆಯ ಗೇಟಿನ ಒಂದು ಕಲ್ಲಿನ ಕಂಬ ಉಳಿದಿತ್ತು. ಅದರಾಚೆ ಇಪ್ಪತ್ತು ಅಂತಸ್ತಿನ ಮನೆಗಳು, ನಡುವೆ ಒಂದು ಈಜುಕೊಳ.

"ಅತ್ತೆ, ಇವತ್ತು ರಜ. ಗುರುವಾರ ಅಲ್ವಾ" ಎಂದುಬಿಟ್ಟೆ.

ಅತ್ತೆ ಹೊಸ ಕಣ್ಣುಗಳಿಂದ ಆ ಕಟ್ಟಡಗಳನ್ನು ನೋಡಿದರು, ಆಮೇಲೆ ನನ್ನನ್ನು. "ಇವತ್ತು ಮಂಗ್ಳವಾರ ಕಣೋ" ಎಂದರು. ಆ ಕಂಬಕ್ಕೆ ಕೈಯೂರಿ ಮುಂದುವರಿಸಿದರು: "ನಿಮ್ಮಪ್ಪನೂ ಅವತ್ತು ಇಂಗೇ ಮುಖ ಸಪ್ಪಗೆ ಮಾಡ್ಕೊಂಡು ನಿಂತಿದ್ದ. ಆಗ್ಲಿ, ಗುರುವಾರ್‌ನೇ ಅನ್ಕೊಳ್ಳಾನ. ಅವ್ನು ಬೆರಳು ಮಾಡಿ ತೋರ್ಸಿದ್ನಲ್ಲ, ನೀನೂ ತೋರ್ಸು."

ತೋರಿಸಿದೆ. ಅಗೋ ಅಲ್ಲಿ ಗಾಜು, ಅಗೋ ಅಲ್ಲಿ ತಂತಿ, ಅಗೋ ಆ ಈಜುಕೊಳದ ಜಾಗದಲ್ಲಿ ಸಾವಿರ ಬಲ್ಬು. ಅತ್ತೆ ಕೈಮುಗಿದರು.

ಮರುದಿನ ಅವರನ್ನು ಬಸ್ಸು ಹತ್ತಿಸಿ ಬಂದೆ. ಅದರ ಮರುದಿನ ಗುರುವಾರ. ಅಂದು ಮಾತ್ರ ಬೆಳಗ್ಗೆಯೇ ಎದ್ದು ಗಡ್ಡ ತೆಗೆದು, ಇಸ್ತ್ರಿಯ ಅಂಗಿ ತೊಟ್ಟು ಕುಳಿತೆ. ಗೇಟಿನವರೆಗೆ ಕರೆದೊಯ್ಯಲು ನನಗೆ ಯಾರೂ ಇರಲಿಲ್ಲ.