ಪರದೆ ಆರದಂತೆ

ನಮ್ಮ ಬೀದಿಯ ಕೊನೆಯಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮುಳ್ಳಣ್ಣ ನನ್ನ ಹಳೆಯ ವಿದ್ಯಾರ್ಥಿ. ಪಾಠದ ನಡುವೆಯೇ ಪೆನ್ನು ಬಿಚ್ಚಿ, ಹಾರಿದ ಸ್ಪ್ರಿಂಗನ್ನು ಬೆಂಚಿನಡಿ ಹುಡುಕುತ್ತಿದ್ದವನು. ಐವತ್ತೆಂಟು ದಾಟಿದರೂ ಆ ಕೈಗಳಿಗೆ ಸುಮ್ಮನಿರಲು ಬರುವುದಿಲ್ಲ.

ದೂರದೇಶದ ಗಿರಾಕಿಯೊಬ್ಬರ ಗೋಡೆಗಡಿಯಾರವನ್ನು ಅವನು ಮೂರು ತಿಂಗಳು ಕುಳಿತು ಸರಿಪಡಿಸಿದ್ದನು. ಅವರು ಕೂಲಿಯನ್ನು ಬಿಟ್‌ಕಾಯಿನ್‌ನಲ್ಲಿ ಕಳುಹಿಸುತ್ತೇನೆಂದರು. ಮಗಳು ಆ ಹಣಕ್ಕೆಂದು ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಹಾರ್ಡ್‌ವೇರ್ ವಾಲೆಟ್ ತಂದುಕೊಟ್ಟು, "ಅಪ್ಪಾ, ಹಣ ಬರೋಕೆ ಕಂಪ್ಯೂಟರಲ್ಲಿ ಕಾಣೋ ವಿಳಾಸ, ಇದರ ಪರದೆ ಮೇಲೆ ಕಾಣೋ ವಿಳಾಸ ಎರಡೂ ಒಂದೇನಾ ನೋಡ್ಕೊಂಡೇ ಗಿರಾಕಿಗೆ ಕಳಿಸು" ಎಂದಳು.

ಆ ಗುರುವಾರ ಬೆಳಿಗ್ಗೆ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರವನ್ನು ಎರಡೆರಡು ಸಲ ತಾಳೆ ನೋಡಿದನು. ವಿಳಾಸವನ್ನು ಗಿರಾಕಿಗೂ ಮಗಳಿಗೂ ಕಳುಹಿಸಿದನು. 'ಇಂದೇ ಹಾಕುತ್ತೇನೆ' ಎಂದು ಗಿರಾಕಿಯ ಉತ್ತರ ಬಂತು.

ಅಷ್ಟರಲ್ಲಿ ವಾಲೆಟ್ಟಿನ ಪರದೆ ತಾನಾಗಿಯೇ ಆರಿತು. ಬಾಗಿಲು ಹಾಕಿದ ಮನೆಯಿಂದ ಅಂಚೆಯವನು ಹಿಂದಿರುಗುವಂತೆ ಹಣವೂ ಹಿಂದಿರುಗಿಬಿಟ್ಟರೆ? ಮುಳ್ಳಣ್ಣ ಗುಂಡಿ ಒತ್ತಿದನು. ಬೆಳಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. ಮತ್ತೆ ಒತ್ತಿದನು.

ಅದೇ ದಿನ ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ಅವನ ಹೆಂಡತಿಯ ಆಪರೇಷನ್ ಆದ ಕಣ್ಣಿನ ಕಟ್ಟು ಬಿಚ್ಚುವುದಿತ್ತು. ಒಂದು ಕಣ್ಣು ಎಂದೋ ಹೋಗಿತ್ತು, ಉಳಿದದ್ದು ವರ್ಷಗಳಿಂದ ಮಂಜಾಗಿದ್ದ ಇದೊಂದೇ. "ಮೊದಲು ನಿಮ್ಮ ಮುಖಾನೇ ನೋಡ್ಬೇಕು" ಎಂದಿದ್ದಳು. ಇವನು ಮಾತು ಕೊಟ್ಟಿದ್ದನು.

ಮಧ್ಯಾಹ್ನ ನಾನು ಕೈಗಡಿಯಾರದ ಪಟ್ಟಿ ಹಾಕಿಸಲು ಹೋದಾಗ, "ಮೇಷ್ಟ್ರೇ, ಇದನ್ನ ಒಂಚೂರು ಒತ್ತುತ್ತಾ ಇರಿ, ನೀರು ಕುಡಿದು ಬರ್ತೀನಿ" ಎಂದನು. ನಾನೂ ಒತ್ತಿದೆ. ಅವನು ಬಂದು ಕೂರುತ್ತಿದ್ದಂತೆ ಅವನ ಫೋನು ಬಡಿದುಕೊಂಡಿತು.

"ಅಪ್ಪಾ, ಆಸ್ಪತ್ರೆಗೆ ಹೊರಟ್ಯಾ?"

"ಬಂದೆ, ಬಂದೆ!" ಎಂದವನು ಕುರ್ಚಿ ಬಿಟ್ಟೇಳಲಿಲ್ಲ.

"ಏನೋ ಮಾರಾಯ, ಹೋಗೋ!" ಎಂದು ನಾನು ಗದರಿಸಿದೆ. ನಾಲ್ಕು ಹೊಡೆಯಿತು. ಅಂಗಡಿಯ ಗಡಿಯಾರಗಳೆಲ್ಲ ಒಂದರ ಹಿಂದೊಂದು ಹೊಡೆದವು. ಮುಳ್ಳಣ್ಣ ಕಣ್ಣು ಮುಚ್ಚಿ, ಹಲ್ಲು ತೆಗೆಸಿಕೊಳ್ಳುವವನಂತೆ ಮುಖ ಮಾಡಿ, ವಾಲೆಟ್ಟನ್ನು ಕಿತ್ತು ಜೇಬಿಗೆ ಹಾಕಿಕೊಂಡು ಓಡಿದನು.

ಮುಂದಿನದನ್ನು ಅವನ ಹೆಂಡತಿಯೇ ನನಗೆ ಹೇಳಿದಳು. ಕಟ್ಟು ಬಿಚ್ಚಿ ಅರ್ಧ ಗಂಟೆಯಾಗಿತ್ತು. ಅವಳು ಮಾತ್ರ ಕಣ್ಣು ಬಿಟ್ಟಿರಲಿಲ್ಲ. "ಕಣ್ಣು ಬಿಡಮ್ಮ, ಬೇರೆಯವರೂ ಕಾಯ್ತಿದ್ದಾರೆ" ಎಂದು ನರ್ಸು ಗೊಣಗುತ್ತಿದ್ದಳಂತೆ. ಗಂಡನ ಏದುಸಿರು ಕೇಳಿಸಿದ ಮೇಲೆಯೇ ರೆಪ್ಪೆ ತೆರೆದಳು.

"ಅಯ್ಯೋ, ಇಷ್ಟೊಂದು ಬೆಳ್ಳಗಾಗಿದ್ಯಾ ತಲೆ! ಎಲ್ಲಿದ್ರೀ ಇಷ್ಟು ಹೊತ್ತು?"

ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದನು. ಮಗಳು ಹಣೆ ಚಚ್ಚಿಕೊಂಡಳು. "ಅದು ಬರೀ ಬೀಗದ ಕೈ ಅಪ್ಪಾ. ಆರಿದ್ರೂ, ಕಿತ್ತಿಟ್ರೂ ಹಣ ಬರುತ್ತೆ. ನೀನು ಕಳಿಸಿದ ವಿಳಾಸ ಹಾಕಿ ಈಗ ತಾನೇ ನೋಡ್ದೆ, ಹನ್ನೊಂದು ಗಂಟೆಗೇ ಬಂದು ಕೂತಿದೆ."

"ಹಾಗಾದ್ರೆ ನಾನು ಬೆಳಗ್ಗೆಯಿಂದ ಕಾದಿದ್ದು ಯಾರನ್ನ?"

"ನನ್ನನ್ನಂತೂ ಅಲ್ಲ" ಎಂದಳು ಹೆಂಡತಿ, ಹೊಸ ಕಣ್ಣಿನಿಂದ ಅವನನ್ನೇ ದಿಟ್ಟಿಸುತ್ತ. ಜೇಬಿನೊಳಗೆ ಅವನ ಹೆಬ್ಬೆರಳು ಇನ್ನೂ ಗುಂಡಿ ಒತ್ತುತ್ತಿರುವುದು ಅವಳಿಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು.